ಹೆಸರಿಲ್ಲದ ಎಣಿಕೆ

ಕಳೆದ ಬೇಸಿಗೆಯ ರಜೆಯಲ್ಲಿ ಸಿರುಗುಪ್ಪದಿಂದ ಬಂದಿದ್ದ ನನ್ನ ಸೋದರಳಿಯನು, ಬಳ್ಳಾರಿಯ ನಮ್ಮ ಮನೆಯಲ್ಲಿ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರಿಗೆ ಮರುಜೀವ ಕೊಡಲು ತೊಡಗಿದನು. ಅದಕ್ಕೆ ಅವನು ಆರಿಸಿಕೊಂಡದ್ದು ‘ಡೆಬಿಯನ್’ ಎಂಬ ಆಪರೇಟಿಂಗ್ ಸಿಸ್ಟಂ. ಕೆಲಸ ಅರ್ಧ ಸಾಗಿರುವಾಗ ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು.

“ಮಾಮಾ, ನಾವು ಯಾವ ಯಾವ ತಂತ್ರಾಂಶ ಬಳಸುತ್ತೇವೆಂದು ಇವರಿಗೆ ತಿಳಿಸಬಹುದಂತೆ. ಹೌದೆನ್ನಲೋ, ಬೇಡವೆನ್ನಲೋ?”

“ನಮ್ಮ ಮನೆಯ ಸಂಗತಿ ಅವರಿಗೇಕೆ? ಬೇಡವೆನ್ನು” ಎಂದೆ. ರಾತ್ರಿ ಯೋಚಿಸುತ್ತಿದ್ದಾಗ, ಅವಸರಪಟ್ಟೆನೇನೋ ಎನ್ನಿಸಿತು.

ಡೆಬಿಯನ್ 1993ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ. ಸ್ವಯಂಸೇವಕರು ಕಟ್ಟಿ ಬೆಳೆಸಿದ ಇದನ್ನು ಯಾರು ಬೇಕಾದರೂ ಪಡೆಯಬಹುದು, ಪ್ರತಿ ತೆಗೆದು ನೆರೆಯವರಿಗೆ ಹಂಚಬಹುದು. ಅಂಗಡಿ ಇಟ್ಟವನಿಗೆ ಮಾರಾಟದ ಪುಸ್ತಕವಿರುತ್ತದೆ; ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟವನಿಗೆ ನೀರು ಕುಡಿದವರ ಲೆಕ್ಕ ಎಲ್ಲಿಂದ ಬರಬೇಕು? ಆ ಲೆಕ್ಕಕ್ಕಾಗಿಯೇ ಅವರು ‘ಪಾಪ್ಯುಲಾರಿಟಿ ಕಾಂಟೆಸ್ಟ್’ ಎಂಬ ಏರ್ಪಾಡು ಮಾಡಿದ್ದಾರೆ.

ಇದರ ಕ್ರಮ ಸರಳವಾದುದು. ನಾವು ಒಪ್ಪಿದರೆ ಮಾತ್ರ, ಕಂಪ್ಯೂಟರು ವಾರಕ್ಕೊಮ್ಮೆ ಒಂದು ಪಟ್ಟಿಯನ್ನು ಕಳುಹಿಸುತ್ತದೆ. ಯಾವ ತಂತ್ರಾಂಶಗಳಿವೆ, ಅವುಗಳ ಕಡತಗಳು ಇತ್ತೀಚೆಗೆ ಯಾವಾಗ ತೆರೆಯಲ್ಪಟ್ಟವು ಎಂಬುದಷ್ಟೇ ಅದರಲ್ಲಿರುತ್ತದೆ. ನಮ್ಮ ಪತ್ರಗಳಾಗಲಿ, ಭಾವಚಿತ್ರಗಳಾಗಲಿ ಹೋಗುವುದಿಲ್ಲ. ಒಂದೇ ಯಂತ್ರ ಎರಡು ಸಲ ಎಣಿಕೆಯಾಗದಂತೆ, ಹೆಸರಿನ ಬದಲು ಗೊತ್ತುಗುರಿಯಿಲ್ಲದೆ ಎತ್ತಿಕೊಂಡ ಒಂದು ಸಂಖ್ಯೆ ಇರುತ್ತದೆ. ಬಂದ ಮೊತ್ತವನ್ನು ಎಲ್ಲರೂ ನೋಡುವಂತೆ ಪ್ರಕಟಿಸುತ್ತಾರೆ. ಮೊದಲ ಡಿಸ್ಕಿನಲ್ಲಿ ಯಾವುದಕ್ಕೆ ಸ್ಥಳ ಕೊಡಬೇಕೆಂಬುದನ್ನು ತೀರ್ಮಾನಿಸಲು ಈ ಎಣಿಕೆ ನೆರವಾಗುತ್ತದೆ.

ಇದರಲ್ಲಿ ಕನ್ನಡಿಗರಿಗೇನು ಎನ್ನಬಹುದು. ಡೆಬಿಯನ್ನಿನಲ್ಲಿ ಗುಬ್ಬಿ, ನವಿಲು, ಲೋಹಿತ್ ಎಂಬ ಕನ್ನಡ ಅಕ್ಷರಮಾದರಿಗಳಿವೆ. ಬಳಸುವವರೆಲ್ಲ ಸುಮ್ಮನಿದ್ದರೆ, ದೂರದಲ್ಲಿ ಕುಳಿತು ಪಟ್ಟಿ ನೋಡುವವನಿಗೆ ಕನ್ನಡ ಓದುವವರು ಬೆರಳೆಣಿಕೆಯಷ್ಟೇ ಎಂದು ತೋರೀತು.

ಎಣಿಕೆಯ ಬೆಲೆ ಏನೆಂಬುದನ್ನು ಬಳ್ಳಾರಿಯವರಿಗೆ ಬೇರೆ ಹೇಳಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು. ಸಿರುಗುಪ್ಪವೂ ಬಳ್ಳಾರಿಯೂ ಮೈಸೂರಿಗೆ ಸೇರಿದವು. ಬಳ್ಳಾರಿ ತಾಲ್ಲೂಕಿನ ವಿಷಯದಲ್ಲಂತೂ ದೊಡ್ಡ ವಾದವೇ ನಡೆಯಿತು. ಯಾವ ಮಾತನ್ನು ಎಷ್ಟು ಮಂದಿ ಆಡುತ್ತಾರೆಂಬ ಅಂಕಿಗೆ ಆಗ ಎಷ್ಟು ತೂಕವಿತ್ತೆಂಬುದನ್ನು ನಮ್ಮ ಹಿರಿಯರು ಕಂಡಿದ್ದರು.

ಹಾಗೆಂದು ನನ್ನ ಮೊದಲ ಅನುಮಾನ ಬರಿಯ ಮೌಢ್ಯವೂ ಅಲ್ಲ. ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ಗುರುತನ್ನು ಮರೆಮಾಡುವುದು ಜನಸಂದಣಿ. ಕುರುಗೋಡಿನ ದೊಡ್ಡಬಸವೇಶ್ವರನ ತೇರಿನ ದಿನ ಪರಊರವನನ್ನು ಯಾರೂ ಗಮನಿಸರು. ಮಾರನೆಯ ವಾರ ಅದೇ ಬೀದಿಯಲ್ಲಿ ಒಬ್ಬನೇ ನಡೆದರೆ, ಯಾರ ಮನೆಯ ನೆಂಟನೆಂದು ಕಟ್ಟೆಯ ಮೇಲಿದ್ದವರೆಲ್ಲ ವಿಚಾರಿಸುವರು. ಹಾಗೆಯೇ, ಒಂದೇ ಕಚೇರಿಗಾಗಿ ಸಿದ್ಧಪಡಿಸಿದ ತಂತ್ರಾಂಶದ ಹೆಸರು ಪಟ್ಟಿಯಲ್ಲಿದ್ದರೆ, ಆ ಪಟ್ಟಿ ಎಲ್ಲಿಯದೆಂದು ಊಹಿಸುವುದು ಕಷ್ಟವಲ್ಲ.

ಆದುದರಿಂದ ಕೇಳುವ ರೀತಿಯೇ ಮುಖ್ಯ. 2018ರಲ್ಲಿ ‘ಉಬುಂಟು’ ಇಂತಹದೇ ಪ್ರಶ್ನೆ ಕೇಳಿದಾಗ ‘ಹೌದು’ ಎಂಬುದಕ್ಕೆ ಮೊದಲೇ ಗುರುತು ಹಾಕಿಟ್ಟಿತ್ತು. ಕಳುಹಿಸುವ ವಿವರವನ್ನು ತೆರೆದು ನೋಡುವ ಅನುಕೂಲವನ್ನೂ ಕೊಟ್ಟಿತ್ತೆನ್ನಬೇಕು. ಡೆಬಿಯನ್ನಿನಲ್ಲಿ ಮೊದಲೇ ಗುರುತಾಗಿರುವುದು ‘ಬೇಡ’ ಎಂಬುದು. ಇದರಿಂದ ಲೆಕ್ಕ ಅಪೂರ್ಣವಾಗುವುದು ದಿಟ. ಒಪ್ಪಿದವರಷ್ಟೇ ಎಣಿಕೆಗೆ ಬರುತ್ತಾರೆ, ಇತರರು ಹೊರಗುಳಿಯುತ್ತಾರೆ. ಆದರೂ ಕೇಳದೆ ತೆಗೆದುಕೊಂಡ ಪೂರ್ಣ ಲೆಕ್ಕಕ್ಕಿಂತ ಕೇಳಿ ಪಡೆದ ಅರೆ ಲೆಕ್ಕ ಮೇಲೆಂದು ನನಗೆ ತೋರುತ್ತದೆ.

ಒಮ್ಮೆ ಕೊಟ್ಟ ಉತ್ತರವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಅಳಿಯನಿಗೆ ಇದನ್ನೆಲ್ಲ ಹೇಳಿ, “ಹೌದೆಂದು ಬರೆ” ಎಂದೆ.

“ನಿನ್ನೆ ಬೇಡವೆಂದವರು ನೀವೇ ಅಲ್ಲವೇ, ಮಾಮಾ?” ಎಂದು ಅವನು ನಕ್ಕನು.

ನಕ್ಕರೆ ನಗಲಿ. ಆ ಲೆಕ್ಕದಲ್ಲಿ ನನ್ನ ಹೆಸರಿಲ್ಲ. ಕನ್ನಡದ ಅಕ್ಷರಗಳ ಪಾಲಿಗೆ ಒಂದು ಮನೆ ಹೆಚ್ಚಾಗಿದೆ.