ಯಕೃತ್ತಿನ ಬೇನೆಯೂ ಮಗುವಿನ ಮೂಳೆಯೂ

ಮಕ್ಕಳ ಮೂಳೆ ಗಟ್ಟಿಯಾಗಲು ಏನು ಕೊಡಬೇಕೆಂದು ಕೇಳಿದರೆ, ಹಾಲು, ರಾಗಿಯ ಗಂಜಿ, ಎಳೆಬಿಸಿಲು ಎಂದು ಮನೆಯ ಹಿರಿಯರು ಥಟ್ಟನೆ ಹೇಳುತ್ತಾರೆ. ಉತ್ತರ ಸರಿಯಾದುದೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವುಂಟು. ಎರಡು ವರ್ಷದ ಮಗುವಿಗೆ ದಿನಕ್ಕೆ ಬೇಕಾದುದು ಸುಮಾರು 500 ಮಿಲಿಗ್ರಾಂ. ಆದರೆ ಯಕೃತ್ತಿನ ದೀರ್ಘಕಾಲದ ಬೇನೆಯುಳ್ಳ ಮಗುವಿಗೆ ಇವನ್ನೆಲ್ಲ ತಪ್ಪದೆ ಕೊಟ್ಟರೂ ಮೂಳೆ ಮೆತ್ತಗಾಗುವುದುಂಟು, ಸಣ್ಣ ಪೆಟ್ಟಿಗೇ ಮುರಿಯುವುದುಂಟು. ಹೊಟ್ಟೆಗೆ ಹಾಕಿದುದು ಮೈಗೆ ಹತ್ತಬೇಕಲ್ಲ! ಅದಕ್ಕೆ ಪಿತ್ತದ ನೆರವು ಬೇಕು.

ಪಿತ್ತವೆಂದರೆ ನಮಗೆ ನೆನಪಾಗುವುದು ತಲೆಸುತ್ತು, ಇಲ್ಲವೆ ಮುಂಗೋಪ. ಪಿತ್ತ ನೆತ್ತಿಗೇರಿತೆಂದು ಬಯ್ಯುವುದು ವಾಡಿಕೆ. ವಾಸ್ತವವಾಗಿ ಅದು ಬಹಳ ಉಪಕಾರಿಯಾದ ರಸ. ಯಕೃತ್ತಿನಲ್ಲಿ ಹುಟ್ಟಿ ಕರುಳಿಗಿಳಿದು, ಸೀಗೆಪುಡಿ ತಲೆಯ ಎಣ್ಣೆಯನ್ನು ಬಿಡಿಸುವಂತೆ, ಅದು ಆಹಾರದ ಜಿಡ್ಡನ್ನು ಒಡೆದು ನೀರಿನಲ್ಲಿ ಬೆರೆಸುತ್ತದೆ. ಎ, ಡಿ, ಇ, ಕೆ ಎಂಬ ನಾಲ್ಕು ಜೀವಸತ್ತ್ವಗಳು ಈ ಜಿಡ್ಡಿನ ಜೊತೆಯಲ್ಲಿಯೇ ಮೈಗೆ ಸೇರತಕ್ಕವು. ಪಿತ್ತ ಇಳಿಯದಿದ್ದರೆ ಇವು ಮಲದೊಡನೆ ಹೊರಟುಹೋಗುತ್ತವೆ. ಅಷ್ಟೇ ಅಲ್ಲ, ಜೀರ್ಣವಾಗದೆ ಉಳಿದ ಕೊಬ್ಬು ಕರುಳಿನಲ್ಲಿರುವ ಸುಣ್ಣಾಂಶವನ್ನು ಹಿಡಿದುಕೊಂಡು ಒಂದು ಬಗೆಯ ಸಾಬೂನಾಗಿಬಿಡುತ್ತದೆ. ಮಗು ಕುಡಿದ ಹಾಲಿನ ಸುಣ್ಣ ಹೀಗೆ ಪೋಲಾಗುತ್ತದೆ.

ಡಿ ಜೀವಸತ್ತ್ವಕ್ಕೆ ಎರಡು ಸಂಸ್ಕಾರಗಳುಂಟು. ಮೊದಲನೆಯದು ಯಕೃತ್ತಿನಲ್ಲಿ, ಎರಡನೆಯದು ಮೂತ್ರಪಿಂಡದಲ್ಲಿ. ಎರಡೂ ಆದ ಮೇಲೆಯೇ ಅದು ಕರುಳಿನಿಂದ ಸುಣ್ಣವನ್ನು ಎಳೆದುಕೊಳ್ಳಬಲ್ಲುದು. ಡಿ ಸಾಕಷ್ಟಿದ್ದರೆ ತಿಂದ ಸುಣ್ಣದಲ್ಲಿ ನೂರಕ್ಕೆ 30–40 ಪಾಲು ಮೈಗೆ ಸೇರುತ್ತದೆ. ಇಲ್ಲದಿದ್ದರೆ 10–15 ಪಾಲು ಮಾತ್ರ. ಯಕೃತ್ತು ಬೇನೆಯಲ್ಲಿಯೂ ತನ್ನ ಸಂಸ್ಕಾರದ ಕೆಲಸವನ್ನು ಬಹುಕಾಲ ನಡೆಸಿಕೊಂಡು ಹೋಗುತ್ತದೆ. ಮೊದಲು ಕೆಡುವುದು ಕರುಳಿನಲ್ಲಿ ಹೀರುವ ಕೆಲಸ. ಬಿಸಿಲಿನಿಂದ ಚರ್ಮದಲ್ಲಿ ಹುಟ್ಟುವ ಡಿಗೆ ಪಿತ್ತದ ಹಂಗಿಲ್ಲವಾದ್ದರಿಂದ ಎಳೆಬಿಸಿಲು ಒಳ್ಳೆಯದೇ, ಆದರೆ ಇಂಥ ಮಗುವಿಗೆ ಅದೊಂದನ್ನೇ ನೆಚ್ಚುವಂತಿಲ್ಲ.

ಹಸುಗೂಸುಗಳಲ್ಲಿ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಪಿತ್ತನಾಳಗಳು ಮುಚ್ಚಿಹೋಗುವ ರೋಗ. ಮಗು ಹುಟ್ಟಿ ಎರಡು ವಾರ ಕಳೆದರೂ ಕಾಮಾಲೆ ಇಳಿಯದು. ಮೂತ್ರ ಕಡುಹಳದಿ, ಮಲ ಮಾತ್ರ ಸುಣ್ಣದಂತೆ ಬಿಳುಪು. ಜಪಾನಿನ ಶಸ್ತ್ರವೈದ್ಯ ಮೋರಿಯೊ ಕಾಸಾಯಿ ಅವರು ಕರುಳನ್ನೇ ಯಕೃತ್ತಿಗೆ ಜೋಡಿಸಿ ಪಿತ್ತಕ್ಕೆ ದಾರಿ ಮಾಡುವ ಶಸ್ತ್ರಕ್ರಿಯೆಯನ್ನು 1959ರಲ್ಲಿ ಪ್ರಕಟಪಡಿಸಿದರು. ಅದನ್ನು ಮಗುವಿಗೆ ಅರುವತ್ತು ದಿನ ತುಂಬುವುದರೊಳಗೆ ಮಾಡಿದರೆ ಫಲ ಹೆಚ್ಚು. ಬಿಳಿಯ ಮಲವನ್ನು ಕಂಡೂ "ಹಲ್ಲು ಬರುವ ಹೊತ್ತಿಗೆ ಸರಿಹೋದೀತು" ಎಂದು ಕಾಯುತ್ತ ಕುಳಿತ ಮನೆಗಳಲ್ಲಿ ಈ ಅವಧಿ ಮೀರಿಹೋಗುತ್ತದೆ.

ಶಸ್ತ್ರಕ್ರಿಯೆಯಾದ ಮೇಲೂ ಪಿತ್ತ ಸಾಲದೆ ಬರಬಹುದು. ಆಗ ಮಣಿಕಟ್ಟು ದಪ್ಪಗಾಗುವುದು, ಪಕ್ಕೆಲುಬಿನ ಮೇಲೆ ಮಣಿ ಪೋಣಿಸಿದಂತೆ ಗಂಟು ಕಾಣುವುದು, ನೆತ್ತಿ ತಡವಾಗಿ ಕೂಡುವುದು, ಇವೆಲ್ಲ ಮೂಳೆ ಸೊರಗಿದ ಕುರುಹುಗಳು. ಅಂಥ ಮಗುವಿಗೆ ಎಣ್ಣೆ ನೀರೆರೆಯುವಾಗ ಕೈಕಾಲುಗಳನ್ನು ಬಲವಾಗಿ ನೀವಿ ಎಳೆಯುವುದು ತರವಲ್ಲ.

ವೈದ್ಯರು ಇಂಥ ಮಕ್ಕಳಿಗೆ ಡಿಯನ್ನು ಸಾಮಾನ್ಯಕ್ಕಿಂತ ಹೆಚ್ಚಾಗಿ ಕೊಡುತ್ತಾರೆ, ಕೆಲವೊಮ್ಮೆ ಸೂಜಿಯ ಮೂಲಕವೂ. ಪ್ರಮಾಣ ಮೀರಿದರೆ ಮೂತ್ರಪಿಂಡಕ್ಕೆ ಕೇಡಾದ್ದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಾರೆ. ಸುಣ್ಣದ ಜೊತೆಗೆ ರಂಜಕವನ್ನೂ ಮೆಗ್ನೀಸಿಯಮ್ಮನ್ನೂ ನೋಡಬೇಕು. ಮೆಗ್ನೀಸಿಯಂ ತೀರ ಕಡಮೆಯಾದರೆ ರಕ್ತದ ಸುಣ್ಣವನ್ನು ಕಾಯುವ, ಕೊರಳಿನ ಪುಟ್ಟ ಗ್ರಂಥಿಗಳು ಮಂಕಾಗುತ್ತವೆ. ಆಗ ಎಷ್ಟು ಸುಣ್ಣ ಕೊಟ್ಟರೂ ರಕ್ತದಲ್ಲಿ ಅದು ಏರದು. ಸತುವೂ ಕೊರತೆಯಾಗುವುದುಂಟು. ಪಿತ್ತವಿಲ್ಲದೆಯೂ ಜೀರ್ಣವಾಗುವ ವಿಶೇಷ ಎಣ್ಣೆಯನ್ನು ಆಹಾರದಲ್ಲಿ ಬೆರೆಸಿಕೊಡುವುದುಂಟು. ಆ ಜಾತಿಯ ಕೊಬ್ಬು ನಮ್ಮ ತೆಂಗಿನೆಣ್ಣೆಯಲ್ಲಿಯೂ ಒಂದಿಷ್ಟಿದೆ.

ಹಾಗೆಂದು ಖನಿಜಗಳೆಲ್ಲವೂ ಹಿತವೆಂದು ಭಾವಿಸಲಾಗದು. ತಾಮ್ರ, ಮ್ಯಾಂಗನೀಸ್ ಇವೆರಡೂ ದೇಹದಿಂದ ಹೊರಹೋಗುವುದು ಬಹುಮಟ್ಟಿಗೆ ಪಿತ್ತದ ಮೂಲಕವೇ. ಪಿತ್ತದ ದಾರಿ ಕಟ್ಟಿದರೆ ತಾಮ್ರ ಯಕೃತ್ತಿನಲ್ಲಿಯೂ ಮ್ಯಾಂಗನೀಸ್ ಮಿದುಳಿನಲ್ಲಿಯೂ ಕೂಡಿಬೀಳಬಹುದು. ತಾಮ್ರದ ವಿಷಯದಲ್ಲಿ ನಮ್ಮ ದೇಶಕ್ಕೆ ಹಳೆಯ ಅನುಭವವೊಂದಿದೆ. ಎಳೆಯ ಮಕ್ಕಳ ಯಕೃತ್ತು ಕಲ್ಲಾಗುತ್ತಿದ್ದ ಬೇರೊಂದು ರೋಗದಲ್ಲಿ ಅಪಾರ ತಾಮ್ರ ಸೇರಿರುವುದು ಕಂಡುಬಂದಿತ್ತು. 1980ರ ದಶಕದಲ್ಲಿ ಪುಣೆಯಲ್ಲಿ ಕೆಲಸ ಮಾಡಿದ ವೈದ್ಯರು, ಆ ಮಕ್ಕಳ ಹಾಲನ್ನು ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಕಾಯಿಸಿ ಇಡುತ್ತಿದ್ದುದರ ಕಡೆಗೆ ಬೆರಳು ತೋರಿಸಿದರು. ಪಾತ್ರೆಗಳು ಬದಲಾದಂತೆ ಆ ರೋಗವೂ ಅಪರೂಪವಾಯಿತು.

ಆದುದರಿಂದ ಯಕೃತ್ತಿನ ಬೇನೆಯುಳ್ಳ ಮಗುವಿನ ಹಾಲನ್ನು ಸ್ಟೀಲಿನ ಪಾತ್ರೆಯಲ್ಲಿಯೇ ಕಾಯಿಸಬೇಕು. ಯಾರೋ ಅಕ್ಕರೆಯಿಂದ ತಂದುಕೊಟ್ಟ ಟಾನಿಕ್ಕನ್ನು ಚಮಚಕ್ಕೆ ಬಗ್ಗಿಸುವ ಮೊದಲು ಸೀಸೆಯನ್ನು ವೈದ್ಯರಲ್ಲಿಗೆ ಒಯ್ದು, ಅದರ ಚೀಟಿಯಲ್ಲಿ ತಾಮ್ರವೂ ಮ್ಯಾಂಗನೀಸೂ ಇವೆಯೇ ಎಂದು ಕೇಳಬೇಕು.