ಆ ಚಿರತೆ ಯಾರ ಗದ್ದೆಯದು?

ಕೆಲಸ ಹುಡುಕುತ್ತಾ ಪಿ.ಜಿ.ಯಲ್ಲಿರುವವರ ಬಳಿಗೆ ಊರಿನಿಂದ ಮನೆಯವರು ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುವುದು ಎಂಬುದೇ ದೊಡ್ಡ ಪ್ರಶ್ನೆ. ಮಾಲ್‌ಗೆ ಹೋದರೆ ಜೇಬಿಗೆ ಕತ್ತರಿ. ಹಾಗಾಗಿ ಮಂಡ್ಯ ಕಡೆಯ ನಮ್ಮೂರಿನಿಂದ ಅಪ್ಪ, ಅವ್ವ, ತಂಗಿ, ಅಜ್ಜಿ ಬಂದಾಗ ಮೆಜೆಸ್ಟಿಕ್‌ನಲ್ಲಿ 365ನೇ ನಂಬರ್ ಬಸ್ ಹತ್ತಿಸಿ ಬನ್ನೇರುಘಟ್ಟಕ್ಕೆ ಹೊರಟೆ. ಮಂಗಳವಾರ ಅಲ್ಲಿ ರಜೆ. ನಾವು ಹೋಗಿದ್ದು ಭಾನುವಾರ, ಅಂದರೆ ಪ್ರಾಣಿಗಳಿಗಿಂತ ಜನರೇ ಜಾಸ್ತಿ.

ಸಫಾರಿ ಬಸ್‌ನಲ್ಲಿ ಅಜ್ಜಿಗೆ ಕಿಟಕಿ ಸೀಟು. ಸಿಂಹ ಕಾಲು ಚಾಚಿ ಮಲಗಿದ್ದನ್ನು ನೋಡಿ, ‘ಥೇಟ್ ನಿಮ್ ತಾತನೇ ಕಣ್ಲಾ’ ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು.

ಚಿರತೆ ಸಫಾರಿಯ ಗೇಟು ದಾಟಿದ ಮೇಲೆ ನಗು ನಿಂತಿತು. 2024ರ ಜೂನ್‌ನಲ್ಲಿ ಶುರುವಾದ ಈ ಸಫಾರಿ ಸುಮಾರು 20 ಹೆಕ್ಟೇರ್‌ನಲ್ಲಿದೆ. ಚಿರತೆ ಹತ್ತಿ ಹಾರದಂತೆ ಸುತ್ತಲೂ ಎತ್ತರದ ತಂತಿ ಜಾಲರಿ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ತಗಡು. ಬಂಡೆಯ ಮೇಲೆ ಒಂದು ಚಿರತೆ ಕುಳಿತಿತ್ತು. ‘ಇಲ್ಲಿರೋವು ಕಾಡಲ್ಲಿ ಹಿಡಿದವಲ್ಲ, ಮರಿಯಿದ್ದಾಗ ಸಿಕ್ಕಿ ಇಲ್ಲೇ ಬೆಳೆದವು’ ಎಂದರು ಡ್ರೈವರ್.

ಅಜ್ಜಿ ನನ್ನ ತೋಳು ಹಿಡಿದಳು. ‘ನಿಮ್ ಚಿಕ್ಕಪ್ಪನ್ ಗದ್ದೇಲಿ ಸಿಕ್ಕಿದ್ ಮರಿ ಇದೇ ಏನ್ಲಾ?’

ನನ್ನಲ್ಲಿ ಉತ್ತರವಿರಲಿಲ್ಲ. ಮೂರು ವರ್ಷದ ಹಿಂದೆ ಚಿಕ್ಕಪ್ಪನ ಕಬ್ಬು ಕಡಿಯುವಾಗ ಎರಡು ಮರಿ ಸಿಕ್ಕಿದ್ದವು. ನಾನಾಗ ಹಾಸ್ಟೆಲ್‌ನಲ್ಲಿದ್ದೆ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊಗಳು ಬಂದವು. ಒಂದರಲ್ಲಿ ಮರಿ ಯಾರದೋ ಕೈಯಲ್ಲಿ, ಇನ್ನೊಂದರಲ್ಲಿ ಮಕ್ಕಳ ಮಡಿಲಲ್ಲಿ. ಸಂಜೆಯೊಳಗೆ ಇಡೀ ಊರೇ ಅವನ್ನು ಮುಟ್ಟಿ ನೋಡಿತ್ತು. ಆಮೇಲೆ ಮರಿಗಳನ್ನು ಜೀಪಿನಲ್ಲಿ ಒಯ್ದರು. ತಾಯಿ ಮೂರು ರಾತ್ರಿ ಗದ್ದೆಯ ಸುತ್ತ ಕೂಗಿತಂತೆ. ನಾಲ್ಕನೇ ದಿನ ನಮ್ಮ ಕೊಟ್ಟಿಗೆಯ ಕರು ಹೋಯಿತು. ಊರಿನವರು ಬೋನು ಇಡಿಸಿದರು.

ಅಪ್ಪನಿಗೆ ಆ ಕರುವಿನ ಸಿಟ್ಟು ಇನ್ನೂ ಆರಿಲ್ಲ. ಆದರೂ ಬಂಡೆಯ ಕಡೆ ನೋಡುತ್ತಾ ಮೆಲ್ಲಗೆ ಕೇಳಿದರು, ‘ಇವನ್ನ ತಿರುಗಿ ಕಾಡಿಗೆ ಬಿಡೋಕಾಗಲ್ವಾ?’ ‘ಕಷ್ಟ ಸಾರ್. ಬೇಟೆ ಕಲಿಸೋದು ತಾಯಿ. ನಾವು ಕಲಿಸೋಕಾಗುತ್ತಾ?’ ಎಂದರು ಡ್ರೈವರ್. ಒಂದೂವರೆ ಎರಡು ವರ್ಷ ತಾಯಿಯ ಜೊತೆಗಿದ್ದು ಕಲಿಯಬೇಕಾದ ಪಾಠವದು. ಅದು ತಪ್ಪಿದ ಮರಿಗೆ ಜೀವನವಿಡೀ ಯಾರೋ ಹಾಕುವ ಮಾಂಸವೇ ಗತಿ.

ಹುಡುಕಿ ಓದಿದಾಗ ಒಂದು ಸಂಗತಿ ತಿಳಿಯಿತು. ತಿಂಗಳುಗಟ್ಟಲೆ ಯಾರೂ ಒಳಗೆ ಹೋಗದ ಕಬ್ಬಿನ ಗದ್ದೆ ಚಿರತೆಗೆ ಹೇಳಿ ಮಾಡಿಸಿದ ಬಾಣಂತಿ ಕೋಣೆ. ಮರಿ ಒಂಟಿಯಾಗಿ ಕಂಡರೆ ಅನಾಥ ಎಂದಲ್ಲ. ತಾಯಿ ಆಹಾರಕ್ಕೆ ಹೋಗಿರುತ್ತದೆ, ಇಲ್ಲವೇ ಜನರ ಗದ್ದಲಕ್ಕೆ ಹೆದರಿ ಹತ್ತಿರದಲ್ಲೇ ಅಡಗಿರುತ್ತದೆ. ಮಹಾರಾಷ್ಟ್ರದ ಜುನ್ನಾರ್ ಭಾಗದಲ್ಲೂ ಇದೇ ಕಬ್ಬು, ಇದೇ ಚಿರತೆ. ಅಲ್ಲಿ ಅರಣ್ಯ ಇಲಾಖೆಯವರು ಮತ್ತು ವನ್ಯಜೀವಿ ವೈದ್ಯರು ಮರಿಗಳನ್ನು ಪರೀಕ್ಷಿಸಿ, ಕತ್ತಲಾಗುವ ಹೊತ್ತಿಗೆ ಸಿಕ್ಕಿದ ಜಾಗದಲ್ಲೇ ಬುಟ್ಟಿಯಲ್ಲೋ ಡಬ್ಬಿಯಲ್ಲೋ ಇಟ್ಟು ದೂರ ಸರಿಯುತ್ತಾರೆ. ತಾಯಿ ಬಂದು ಒಂದೊಂದನ್ನೇ ಕಚ್ಚಿಕೊಂಡು ಹೋಗಿರುವುದು ಕ್ಯಾಮೆರಾದಲ್ಲಿ ಎಷ್ಟೋ ಸಲ ಸೆರೆಯಾಗಿದೆ.

ವಾಪಸ್ ಬರುವಾಗ ಬಸ್‌ನಲ್ಲೇ ಊರಿನ ಗ್ರೂಪಿಗೆ ಒಂದು ಮೆಸೇಜ್ ಹಾಕಿದೆ: ‘ಕಬ್ಬು ಕಡಿಯುವಾಗ ಚಿರತೆ ಮರಿ ಕಂಡರೆ ಮುಟ್ಟಬೇಡಿ, ಎತ್ತಬೇಡಿ, ಸೆಲ್ಫಿ ಬೇಡ. ಅಷ್ಟು ಜಾಗದ ಕಡಿತ ನಿಲ್ಲಿಸಿ, ಎಲ್ಲರೂ ದೂರ ಬಂದು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ತಾಯಿಗೆ ಮರಿ ಸಿಕ್ಕರೆ ನಮ್ಮ ಕರುಗಳಿಗೂ ಒಳ್ಳೆಯದು.’

ಗುಡ್ ಮಾರ್ನಿಂಗ್ ಚಿತ್ರಗಳಷ್ಟೇ ಓಡಾಡುವ ಗ್ರೂಪು ಅದು. ಅರ್ಧ ಗಂಟೆ ಯಾರೂ ಏನೂ ಹೇಳಲಿಲ್ಲ. ಆಮೇಲೆ ಒಂದು ಹೆಬ್ಬೆಟ್ಟಿನ ಗುರುತು ಬಂತು. ಕಳಿಸಿದ್ದು ಚಿಕ್ಕಪ್ಪ.