ಗಾಳಿಗೆ ಅಂಕಿ ಕೊಟ್ಟವನ ದಿನಚರಿ

1806ರ ಜನವರಿ 13ರಂದು ವುಲ್‌ವಿಚ್ ಎಂಬ ಬ್ರಿಟಿಷ್ ಹಡಗಿನ ಕ್ಯಾಪ್ಟನ್ ಫ್ರಾನ್ಸಿಸ್ ಬ್ಯೂಫೋರ್ಟ್ ತನ್ನ ಖಾಸಗಿ ದಿನಚರಿಯಲ್ಲಿ ಒಂದು ನಿರ್ಧಾರ ಬರೆದಿಟ್ಟ. ಸಾಧಾರಣ ಗಾಳಿ, ಮೋಡ ಎಂಬ ಹಳೆಯ ಮಾತುಗಳಿಂದ ಯಾರಿಗೂ ಏನೂ ಖಚಿತವಾಗುವುದಿಲ್ಲ, ಇನ್ನು ಮುಂದೆ ಗಾಳಿಯ ಬಲವನ್ನು ಅಂಕಿಯಲ್ಲೇ ಗುರುತಿಸುತ್ತೇನೆ ಎಂದು. ಅದರ ಕೆಳಗೆ ಸೊನ್ನೆಯಿಂದ 13ರವರೆಗೆ ಒಂದು ಪಟ್ಟಿ. ಸೊನ್ನೆ ಎಂದರೆ ಗಾಳಿಯೇ ಇಲ್ಲ, 1 ಎಂದರೆ ಇದೆಯೋ ಇಲ್ಲವೋ ಎಂಬಷ್ಟು, 13 ಎಂದರೆ ಬಿರುಗಾಳಿ. ಮೇಲಧಿಕಾರಿಗಳು ಕೇಳಿದ ವರದಿಯಲ್ಲ ಅದು. ತನ್ನ ಪುಸ್ತಕದಲ್ಲಿ ತನಗಾಗಿ ಮಾಡಿಕೊಂಡ ಗುರುತು, ಅಷ್ಟೆ. ಇಂದು ಹವಾಮಾನ ಇಲಾಖೆಗಳು ಬಳಸುವ ಬ್ಯೂಫೋರ್ಟ್ ಮಾಪಕ ಹುಟ್ಟಿದ್ದು ಆ ಹಾಳೆಯಲ್ಲಿ.

ಬ್ಯೂಫೋರ್ಟ್‌ನ ಕಾಗದಪತ್ರಗಳು ಈಗ ಒಂದೇ ಕಡೆ ಇಲ್ಲ. ಹವಾಮಾನದ ದಿನಚರಿಗಳು ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿರುವ ಹವಾಮಾನ ಇಲಾಖೆಯ ದಾಖಲೆ ಸಂಗ್ರಹದಲ್ಲಿವೆ. ಮನೆಯವರಿಗೆ ಬರೆದ ಕಾಗದಗಳು, ಖಾಸಗಿ ಡೈರಿಗಳು ಅಟ್ಲಾಂಟಿಕ್ ದಾಟಿ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಗ್ರಂಥಾಲಯ ಸೇರಿವೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಮಾತ್ರ ಮನುಷ್ಯ ಪೂರ್ತಿ ಕಾಣುತ್ತಾನೆ ಎಂಬುದು ನನ್ನ ನಂಬಿಕೆ.

1774ರಲ್ಲಿ ಐರ್ಲೆಂಡಿನ ನ್ಯಾವನ್‌ನಲ್ಲಿ ಹುಟ್ಟಿದ ಹುಡುಗ ಆತ. ಪಾದ್ರಿಯಾಗಿದ್ದ ತಂದೆ ಐರ್ಲೆಂಡಿನ ಒಳ್ಳೆಯ ನಕ್ಷೆಯೊಂದನ್ನು ತಯಾರಿಸಿದವರು. ಮಗ 14ರ ವಯಸ್ಸಿಗೇ ಈಸ್ಟ್ ಇಂಡಿಯಾ ಕಂಪನಿಯ ವ್ಯಾನ್‌ಸಿಟಾರ್ಟ್ ಹಡಗು ಹತ್ತಿದ. 1789ರಲ್ಲಿ ಆ ಹಡಗು ಸುಮಾತ್ರಾದ ಪೂರ್ವಕ್ಕಿರುವ ಗ್ಯಾಸ್ಪರ್ ಜಲಸಂಧಿಯಲ್ಲಿ ಬಂಡೆಗೆ ಬಡಿಯಿತು. ನಕ್ಷೆ ಸರಿ ಇಲ್ಲದ ಕಡಲಿನಲ್ಲಿ ಹಡಗು ಮುಳುಗುವುದನ್ನು ಆ ಎಳೆವಯಸ್ಸಿನಲ್ಲೇ ಕಂಡವನು ಮುಂದೆ ಬದುಕೆಲ್ಲ ನಕ್ಷೆ ತಿದ್ದುತ್ತ ಕಳೆದ. ಆ ಹಡಗಿನ ಕ್ಯಾಪ್ಟನ್ ಲೆಸ್ಟಾಕ್ ವಿಲ್ಸನ್‌ನ ಮಗಳು ಅಲಿಷಿಯಾಳನ್ನೇ 1812ರಲ್ಲಿ ಮದುವೆಯೂ ಆದ.

ಬ್ಯೂಫೋರ್ಟ್ ಬರೆದ ಕಾಗದಗಳಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸುವುದು ವಿಜ್ಞಾನಿ ವುಲಾಸ್ಟನ್‌ಗೆ ಬರೆದ ಒಂದು ಪತ್ರ. ಹದಿಹರೆಯದಲ್ಲಿ ಪೋರ್ಟ್ಸ್‌ಮತ್ ಬಂದರಿನಲ್ಲಿ ಸಣ್ಣ ದೋಣಿಯಿಂದ ನೀರಿಗೆ ಬಿದ್ದು, ಈಜು ಬಾರದೆ ಮುಳುಗಿದ ಅನುಭವ ಅದರಲ್ಲಿದೆ. ಒದ್ದಾಟ ನಿಂತ ಕ್ಷಣದಿಂದ ಭಯ ಹೋಯಿತಂತೆ. ಮೈ ಸೋತಿತು, ಮನಸ್ಸು ಮಾತ್ರ ಎಂದೂ ಇಲ್ಲದಷ್ಟು ಚುರುಕಾಯಿತು. ಈಗ ನಡೆದ ಅವಘಡ, ಹಿಂದಿನ ಸಮುದ್ರಯಾನ, ಶಾಲೆ, ಬಾಲ್ಯದ ಆಟಪಾಠ ಹೀಗೆ ಬದುಕೆಲ್ಲ ಹಿಂದುಹಿಂದಕ್ಕೆ ಬಿಚ್ಚಿಕೊಳ್ಳುತ್ತ ಹೋಯಿತು. ಪ್ರತಿಯೊಂದು ಘಟನೆಯ ಜೊತೆಗೂ ಅದು ಸರಿಯೋ ತಪ್ಪೋ ಎಂಬ ಎಚ್ಚರವೂ ಇತ್ತು. ಎಳೆದು ಹಾಕಿ ಬದುಕಿಸಿದ ಮೇಲೆಯೇ ನೋವು ಶುರುವಾದದ್ದು. ಸಾವಿನ ಅಂಚನ್ನೂ ಗಾಳಿಯನ್ನು ನೋಡಿದ ಹಾಗೆಯೇ, ಮೊದಲು ಯಾವುದು, ಆಮೇಲೆ ಯಾವುದು ಎಂದು ಕ್ರಮ ಹಿಡಿದು ಬರೆದಿದ್ದಾನೆ.

ನೌಕಾಪಡೆ ಸೇರಿದ ಮೇಲೆ ಯುದ್ಧದಲ್ಲೂ ಸುಖವಿರಲಿಲ್ಲ. 1800ರಲ್ಲಿ ಸ್ಪೇನಿನ ಮಾಲಗಾ ಬಳಿ ಶತ್ರುಹಡಗು ಹಿಡಿಯಲು ಹೋಗಿ 19 ಗಾಯಗಳೊಡನೆ ಬಂದ. ಸುಧಾರಿಸಿಕೊಳ್ಳುವಾಗ ಸುಮ್ಮನೆ ಕೂರಲಾರದೆ ಭಾವ ಎಡ್ಜ್‌ವರ್ತ್ ಜೊತೆ ಸೇರಿ ಡಬ್ಲಿನ್‌ನಿಂದ ಗಾಲ್ವೇವರೆಗೆ ಸಂಕೇತಗಳಿಂದ ಸುದ್ದಿ ಮುಟ್ಟಿಸುವ ಗೋಪುರಗಳ ಸಾಲು ಕಟ್ಟಿದ. ಮತ್ತೆ ನೌಕಾಪಡೆ ಕರೆದಾಗ ಸಿಕ್ಕ ವುಲ್‌ವಿಚ್ ಯುದ್ಧಕ್ಕೆ ಹೋಗುವ ಹಡಗಲ್ಲ, ಸರಕು ಹೊರುವ ಹಡಗು. ಅದರ ಬೇಸರವಿದ್ದರೂ ಹಗಲಿರುಳು ಹವೆಯನ್ನು ಗಮನಿಸುವುದನ್ನು ಬಿಡಲಿಲ್ಲ.

ಗಾಳಿಗೆ ದರ್ಜೆ ಕೊಟ್ಟವರಲ್ಲಿ ಬ್ಯೂಫೋರ್ಟ್ ಮೊದಲಿಗನೇನಲ್ಲ. ಎಂಜಿನಿಯರ್ ಜಾನ್ ಸ್ಮೀಟನ್ ಗಾಳಿಯಂತ್ರಗಳನ್ನು ನೋಡಿ ಒಂದು ಪಟ್ಟಿ ಮಾಡಿದ್ದ. ಮದ್ರಾಸಿನಲ್ಲಿ ಕಂಪನಿಯ ಗುಮಾಸ್ತನಾಗಿ ಬದುಕು ಆರಂಭಿಸಿದ್ದ ಅಲೆಕ್ಸಾಂಡರ್ ಡಾಲ್‌ರಿಂಪಲ್ ಅದನ್ನು ಕಡಲಿಗೆ ಒಗ್ಗಿಸಿದ್ದ. ಬ್ಯೂಫೋರ್ಟ್ ಸೇರಿಸಿದ್ದು ಹಾಯಿಯನ್ನು. ಪಟ್ಟಿಯನ್ನು 12ಕ್ಕೆ ಇಳಿಸಿ, ಸುಸ್ಥಿತಿಯಲ್ಲಿರುವ ಯುದ್ಧನೌಕೆ ಆ ಗಾಳಿಯಲ್ಲಿ ಎಷ್ಟು ಹಾಯಿ ಬಿಚ್ಚಿ ಓಡಬಲ್ಲದು ಎಂದು ಒಂದೊಂದು ಅಂಕಿಗೂ ಬರೆದ. 1 ಎಂದರೆ ಚುಕ್ಕಾಣಿ ಕೆಲಸ ಮಾಡುವಷ್ಟು ಮಾತ್ರ ಹಡಗು ಚಲಿಸುತ್ತದೆ. 12 ಎಂದರೆ ಯಾವ ಹಾಯಿಯೂ ತಾಳದು. ಮೀಟರ್ ಬೇಡ, ಉಪಕರಣ ಬೇಡ. ಹಗ್ಗ ಹಿಡಿದ ನಾವಿಕನೇ ಅಳತೆಗಾರ. ಆಕಾಶಕ್ಕೂ ಅಕ್ಷರಗಳಿದ್ದವು: ನೀಲಿಗೆ ಬಿ, ತುಂತುರಿಗೆ ಡಿ, ಗುಡುಗಿಗೆ ಟಿ. ಬಳಿಕ ಇನ್ನಷ್ಟು ಅಕ್ಷರಗಳು ಸೇರಿದವು. ಅವುಗಳಲ್ಲಿ ಯು ಎಂಬುದು ಕೆಟ್ಟದಾಗಿ ಹೆದರಿಸುವ ಆಕಾಶಕ್ಕೆ. ಕಡಲಿನಲ್ಲಿ ನಿಂತು ಮೇಲೆ ನೋಡಿದವನಿಗೆ ಮಾತ್ರ ಅಂಥದ್ದೊಂದು ಅಕ್ಷರ ಬೇಕೆನಿಸಲು ಸಾಧ್ಯ.

1811-12ರಲ್ಲಿ ಟರ್ಕಿಯ ದಕ್ಷಿಣ ಕರಾವಳಿಯನ್ನು ಅಳೆಯುವಾಗ ಪಾಳುಬಿದ್ದ ಪ್ರಾಚೀನ ಪಟ್ಟಣಗಳನ್ನೂ, ಬಂಡೆಯ ಬಿರುಕಿನಿಂದ ಸದಾ ಉರಿಯುವ ಬೆಂಕಿಯನ್ನೂ ಗುರುತಿಸಿದ; ಸೊಂಟಕ್ಕೆ ಗುಂಡೂ ಬಿತ್ತು. ಆ ಪ್ರವಾಸದ ಪುಸ್ತಕ 'ಕರಮೇನಿಯಾ' 1817ರಲ್ಲಿ ಬಂತು. 1829ರಲ್ಲಿ, 55ರ ವಯಸ್ಸಿನಲ್ಲಿ, ನೌಕಾಪಡೆಯ ಜಲನಕ್ಷೆ ವಿಭಾಗದ ಮುಖ್ಯಸ್ಥನಾದ. 1855ರವರೆಗೆ ಆ ಕುರ್ಚಿ ಬಿಡಲಿಲ್ಲ. ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ 1831ರಲ್ಲಿ ಜೊತೆಗೊಬ್ಬ ವಿದ್ವಾಂಸ ಬೇಕೆಂದಾಗ ಕೇಂಬ್ರಿಡ್ಜ್‌ಗೆ ವಿಚಾರಿಸಿದ್ದು ಬ್ಯೂಫೋರ್ಟ್. ಆ ವಿಚಾರಣೆ ಕೈಯಿಂದ ಕೈಗೆ ಸಾಗಿ ಚಾರ್ಲ್ಸ್ ಡಾರ್ವಿನ್ ಎಂಬ ತರುಣನನ್ನು ಮುಟ್ಟಿತು. ಅದೇ ಹಡಗಿಗೆ ಕೊಟ್ಟ ಸೂಚನೆಗಳಲ್ಲಿ ಗಾಳಿಯ ಪಟ್ಟಿಯೂ ಇತ್ತು. 1838ರಲ್ಲಿ ಇಡೀ ನೌಕಾಪಡೆ ಅದನ್ನು ಒಪ್ಪಿಕೊಂಡಿತು. ಖಾಸಗಿ ಗುರುತು ಸರ್ಕಾರಿ ಕ್ರಮವಾಗಲು 32 ವರ್ಷ ಹಿಡಿಯಿತು.

1906ರಲ್ಲಿ ಹವಾಮಾನ ತಜ್ಞ ಜಾರ್ಜ್ ಸಿಂಪ್ಸನ್ ಈ ಅಂಕಿಗಳಿಗೆ ವೇಗದ ಲೆಕ್ಕ ಜೋಡಿಸಿದ. ಅದೇ ವರ್ಷ ಭಾರತದ ಹವಾಮಾನ ಇಲಾಖೆಗೂ ಸೇರಿದ. ನಮ್ಮ ಇಲಾಖೆ ಇಂದಿಗೂ ಗಾಳಿಯ ವೇಗ 34 ನಾಟ್ ದಾಟಿದರೆ ಚಂಡಮಾರುತ, 48 ದಾಟಿದರೆ ತೀವ್ರ, 64 ದಾಟಿದರೆ ಅತಿ ತೀವ್ರ ಎನ್ನುತ್ತದೆ. ಅವು ಬ್ಯೂಫೋರ್ಟ್ ಮಾಪಕದ 8, 10, 12ರ ಗಡಿಗಳೇ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಬಡಿದಾಗ ಕೇಳಿದ ಎಚ್ಚರಿಕೆಗಳ ಹಿಂದೆಯೂ ಇದೇ ಮೆಟ್ಟಿಲುಗಳಿದ್ದವು.

ಇನ್ನು ಹಂಟಿಂಗ್ಟನ್‌ನಲ್ಲಿರುವ ಡೈರಿಗಳು. ಅವುಗಳಲ್ಲಿ ಕೆಲವು ಭಾಗಗಳನ್ನು ಬ್ಯೂಫೋರ್ಟ್ ಗುಪ್ತಲಿಪಿಯಲ್ಲಿ ಬರೆದಿದ್ದ. ಹೆಂಡತಿ 1834ರಲ್ಲಿ ತೀರಿಕೊಂಡ ಮೇಲೆ, 1838ರಲ್ಲಿ ಮರುಮದುವೆಯಾಗುವವರೆಗೆ, ಒಡಹುಟ್ಟಿದ ತಂಗಿಯ ಜೊತೆ ಬೆಳೆದ ಸಂಬಂಧ, ಅದು ತಂದ ಪಾಪಪ್ರಜ್ಞೆ ಅಲ್ಲಿ ಅಡಗಿತ್ತು. 1977ರಲ್ಲಿ ಜೀವನಚರಿತ್ರೆ ಪ್ರಕಟಿಸಿದ ಅಮೆರಿಕದ ಪತ್ರಕರ್ತ ಆಲ್ಫ್ರೆಡ್ ಫ್ರೆಂಡ್ಲಿ ಆ ಲಿಪಿಯ ಒಳಗನ್ನೂ ಓದುಗರ ಮುಂದಿಟ್ಟ. ಅಡಗಿಸಿದ್ದನ್ನು ಓದುವ ಹಕ್ಕು ನಮಗಿದೆಯೇ ಎಂದು ಕೇಳುವವರಿದ್ದಾರೆ. ಆ ಕಳವಳ ನನಗೂ ಅರ್ಥವಾಗುತ್ತದೆ. ಆದರೂ ಆ ಹಾಳೆಗಳು ಉಳಿದದ್ದೇ ಒಳ್ಳೆಯದಾಯಿತು ಎನ್ನುತ್ತೇನೆ. 1857ರ ಡಿಸೆಂಬರ್ 17ರಂದು ಸಾಯುವಾಗ ಬ್ಯೂಫೋರ್ಟ್‌ಗೆ 83 ವರ್ಷ. ಬೇಡವೆನಿಸಿದ್ದರೆ ಅವನ್ನು ಸುಟ್ಟುಹಾಕಲು ಸಮಯ ಬೇಕಾದಷ್ಟಿತ್ತು. ಸುಡಲಿಲ್ಲ.